ಸೆಲ್ಲಿ ಓಕ್ ವಿದ್ಯಾಶಾಲೆಯಲ್ಲಿ ಒಂದು ವರುಷ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಕೇಳಿಕೊಂಡಿದ್ದಾರೆ. ಇದೇ ಶಾಲೆಯಲ್ಲಿ ಓದಿ, ಇದೇ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಅವರ ಮಾತನ್ನು ಮೀರುವದು ಸಾಧ್ಯವಲ್ಲ. ಪರದೇಶಕ್ಕೆ ಹೋಗಿ ಸತ್ಯವೇದವನ್ನು ಅಭ್ಯಾಸಮಾಡಿ ಬಂದ ಸಂಗತಿಯನ್ನು ಬರೆಯಿರೆಂದು ಅವರ ಅಪೇಕ್ಷೆ. ಹಿಂದೆ ತರಗತಿಯಲ್ಲಿ ಹುಡುಗಿಯರು ಆ ಕಥೆಯನ್ನು ಕೇಳಿದಾಗಲೆಲ್ಲಾ ನಾನು ಹಿಮದ ಮಾತನ್ನೂ ಚಾಕಲೇಟಿನ ಮಾತನ್ನೂ ಹೇಳಿ ಅವರನ್ನು ನಗಿಸಿ ಕಳುಹಿಸುತ್ತಿದ್ದೆನು. ಆದರೆ ಅಲ್ಲಿ ನಾನು ನಿಜವಾಗಿ ಕಲಿತ ಪಾಠವನ್ನು ಯಾರಿಗೂ ಹೇಳಿದವಳಲ್ಲ, ಯಾಕಂದರೆ ಅದು ನನಗೆ ನಾಚಿಕೆಯನ್ನು ತರುವ ಪಾಠವು. ಈಗ ನನಗೆ ಎಪ್ಪತ್ತು ದಾಟಿದೆ. ಮುಚ್ಚಿಟ್ಟುಕೊಂಡು ಹೋಗುವದಕ್ಕಿಂತ ಬರೆದಿಟ್ಟು ಹೋಗುವದೇ ಲೇಸೆಂದು ತೋರಿತು.

1978ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನಾನು ಇಂಗ್ಲೆಂಡಿಗೆ ಹೊರಟೆನು. ಆಗ ನಮ್ಮ ಮನೆ ಹೆಬ್ಬಾಳದಲ್ಲಿತ್ತು. ಇಂದು ಮೇಲುಸೇತುವೆಗಳ ಕೆಳಗೆ ನಿಂತು ನೋಡುವವರಿಗೆ ಆ ಹೆಬ್ಬಾಳವನ್ನು ಊಹಿಸಿಕೊಳ್ಳುವದು ಕಷ್ಟ. ಬಳ್ಳಾರಿ ರಸ್ತೆಯ ಎರಡು ಕಡೆಗೂ ಮರಗಳು. ಒಂದು ಪಕ್ಕದಲ್ಲಿ ಕೆರೆ. ಇನ್ನೊಂದು ಪಕ್ಕದಲ್ಲಿ ವ್ಯವಸಾಯ ವಿಶ್ವವಿದ್ಯಾನಿಲಯದ ಹೊಲಗಳು. 1973ರಲ್ಲಿ ಆರಂಭವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯೇ ಆ ಭಾಗಕ್ಕೆ ದೊಡ್ಡ ಕಟ್ಟಡ. ಯಲಹಂಕದ ಕಡೆಗೆ ಹೋದರೆ ದ್ರಾಕ್ಷಿಯ ತೋಟಗಳು ಸಿಕ್ಕುತ್ತಿದ್ದವು. ದೇವನಹಳ್ಳಿಯಲ್ಲಿ ವಿಮಾನನಿಲ್ದಾಣವು ತೆರೆದದ್ದು 2008ರಲ್ಲಿ. ನಾನು ಹೋದದ್ದು ಯಶವಂತಪುರದ ಸ್ಟೇಶನ್ನಿನಿಂದ, ಮೀಟರ್ ಗೇಜಿನ ರೈಲಿನಲ್ಲಿ. ಮಿರಜದಲ್ಲಿ ಗಾಡಿ ಬದಲಾಯಿಸಿ ಮುಂಬಯಿಗೆ, ಅಲ್ಲಿಂದ ವಿಮಾನದಲ್ಲಿ ಲಂಡನ್ನಿಗೆ.

ನನ್ನ ತಾಯಿಯವರು ಪೆಟ್ಟಿಗೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ, ಚಟ್ನಿಪುಡಿ, ಹುರಿಹಿಟ್ಟು ಇವುಗಳನ್ನು ಕಟ್ಟಿಕೊಟ್ಟರು. ಅಜ್ಜಿಯ ಕನ್ನಡ ಸತ್ಯವೇದವನ್ನು ಸೀರೆಗಳ ನಡುವೆ ಇಟ್ಟರು. ಕಡೆಗೆ, ನನ್ನ ಹೆಸರನ್ನು ಕೆತ್ತಿಸಿದ ಒಂದು ಸ್ಟೀಲ್ ಲೋಟವನ್ನು ಕೊಟ್ಟು, “ಅಲ್ಲಿ ಯಾರ್ಯಾರು ಕುಡಿದ ಲೋಟವೋ ಏನೋ, ನೀನು ಇದರಲ್ಲೇ ಕುಡಿ ಮಗಳೇ” ಎಂದು ಹೇಳಿದರು. ತಾಯಿಯ ಪ್ರೀತಿಯ ಮಾತೆಂದು ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೆನು. ಆ ಲೋಟವೇ ಮುಂದೆ ನನ್ನನ್ನು ಪರೀಕ್ಷಿಸುವದೆಂದು ಆಗ ತಿಳಿದಿರಲಿಲ್ಲ.

ಸೆಲ್ಲಿ ಓಕ್ ಎಂಬುದು ಬರ್ಮಿಂಗ್‌ಹ್ಯಾಮ್ ಪಟ್ಟಣದ ದಕ್ಷಿಣಕ್ಕಿರುವ ಒಂದು ಭಾಗ. ಹತ್ತಿರದ ಬೋರ್ನ್‌ವಿಲ್‌ನಲ್ಲಿ ಚಾಕಲೇಟಿನ ಕಾರ್ಖಾನೆಯನ್ನು ನಡಿಸುತ್ತಿದ್ದ ಜಾರ್ಜ್ ಕ್ಯಾಡ್ಬರಿ ಎಂಬವರು ಕ್ವೇಕರ್ ಪಂಗಡದ ಕ್ರೈಸ್ತರು. ಅವರು ತಮ್ಮ ಹಳೆಯ ಮನೆಯಾದ ವುಡ್‌ಬ್ರೂಕ್ ಅನ್ನು 1903ರಲ್ಲಿ ಧರ್ಮಾಭ್ಯಾಸಕ್ಕಾಗಿ ಬಿಟ್ಟುಕೊಟ್ಟರು. ಅದರ ಸುತ್ತಲೂ ಒಂದೊಂದಾಗಿ ವಿದ್ಯಾಶಾಲೆಗಳು ಎದ್ದವು: 1905ರಲ್ಲಿ ಕಿಂಗ್ಸ್‌ಮೀಡ್, 1907ರಲ್ಲಿ ವೆಸ್ಟ್‌ಹಿಲ್, 1912ರಲ್ಲಿ ಮಿಶನ್ ಕೆಲಸಕ್ಕೆ ಹೋಗುವ ಹೆಂಗಸರಿಗಾಗಿ ಕೇರಿ ಹಾಲ್. ಪ್ರತಿಯೊಂದು ವಿದ್ಯಾಶಾಲೆಗೂ ತನ್ನದೇ ಆದ ವಸತಿಗೃಹ, ಊಟದ ಮನೆ, ಪ್ರಾರ್ಥನೆಯ ಕೋಣೆ. ಪಾಠಗಳಲ್ಲಿ ಮಾತ್ರ ಅನೇಕವು ಎಲ್ಲರಿಗೂ ಒಟ್ಟಾಗಿ ನಡೆಯುತ್ತಿದ್ದವು. 1931ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧಿಯವರು ವುಡ್‌ಬ್ರೂಕ್‌ಗೆ ಬಂದಿದ್ದರೆಂಬುದನ್ನು ಅಲ್ಲಿಯವರು ನಮ್ಮ ದೇಶದಿಂದ ಬಂದವರಿಗೆ ತಪ್ಪದೆ ಹೇಳುವರು.

ನಾವು ಪಾಠ ಕೇಳಿದವರಲ್ಲಿ ಲೆಸ್ಲಿ ನ್ಯೂಬಿಗಿನ್ ಅಯ್ಯನವರು ಒಬ್ಬರು. ಅವರು 1936ರಲ್ಲಿ ಹಿಂದೂದೇಶಕ್ಕೆ ಬಂದು, 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ಅದರ ಮೊದಲಿನ ಬಿಷಪ್ಪರಲ್ಲಿ ಒಬ್ಬರಾಗಿ, ಕಡೆಗೆ ಮದರಾಸಿನ ಬಿಷಪ್ಪರಾಗಿದ್ದವರು. 1974ರಲ್ಲಿ ನಿವೃತ್ತರಾದಾಗ ಅವರೂ ಅವರ ಪತ್ನಿಯೂ ಸ್ವಲ್ಪವೇ ಸಾಮಾನನ್ನು ಹೊತ್ತುಕೊಂಡು ಭೂಮಾರ್ಗವಾಗಿ, ಸಿಕ್ಕಿದ ಬಸ್ಸುಗಳಲ್ಲಿಯೂ ರೈಲುಗಳಲ್ಲಿಯೂ ಸ್ವದೇಶವನ್ನು ಸೇರಿದರು. ಆ ಮೇಲೆ 1979ರ ವರೆಗೆ ಸೆಲ್ಲಿ ಓಕ್‌ನಲ್ಲಿ ಪಾಠ ಹೇಳಿದರು. ನಮ್ಮ ಸಭೆಯ ಕಷ್ಟಸುಖಗಳನ್ನು ಬಲ್ಲ ಒಬ್ಬ ಹಿರಿಯರು ಅಲ್ಲಿದ್ದದ್ದು ನನಗೆ ಎಷ್ಟೋ ಧೈರ್ಯವಾಗಿತ್ತು.

ನಮ್ಮ ದಿನಚರಿಯು ಹೀಗಿತ್ತು. ಬೆಳಿಗ್ಗೆ ಪ್ರಾರ್ಥನೆ, ಉಪಾಹಾರ, ತರುವಾಯ ಹಳೆಯ ಒಡಂಬಡಿಕೆ, ಸಭೆಯ ಚರಿತ್ರೆ, ಮಕ್ಕಳಿಗೆ ಧರ್ಮಬೋಧನೆ ಮಾಡುವ ಕ್ರಮ ಮುಂತಾದ ಪಾಠಗಳು, ನಾಲ್ಕು ಘಂಟೆಗೆ ಚಹಾ, ಸಾಯಂಕಾಲ ಓದು. ಗಾಳಿ ಆ ಕಡೆಯಿಂದ ಬೀಸಿದ ದಿವಸ ಕೋಣೆಯ ತುಂಬ ಚಾಕಲೇಟಿನ ವಾಸನೆ. ಆಳುಗಳೆಂಬವರು ಅಲ್ಲಿಲ್ಲ. ಪಾತ್ರೆಗಳನ್ನು ನಾವೇ ಇಬ್ಬಿಬ್ಬರಾಗಿ ಸರದಿಯಂತೆ ತೊಳೆಯಬೇಕು, ಒಬ್ಬರು ತೊಳೆದರೆ ಒಬ್ಬರು ಒರಸಬೇಕು. ಜರ್ಮನಿ, ಘಾನಾ, ಜಪಾನ್, ಜಮೈಕಾ, ಹೀಗೆ ಅನೇಕ ದೇಶಗಳವರು ಅಲ್ಲಿದ್ದರು. ಉಗಾಂಡ ದೇಶದ ಮಸಾಕ ಎಂಬ ಊರಿನ ಒಬ್ಬ ಉಪಾಧ್ಯಾಯಿನಿಯು ನನಗೆ ಪಾತ್ರೆಯ ಸರದಿಯಲ್ಲಿ ಜೊತೆಗಾತಿಯಾದಳು. ಅವಳ ಮನೆಯವರ ಅಪ್ಪಣೆಯಿಲ್ಲದೆ ಅವಳ ಹೆಸರನ್ನು ಇಲ್ಲಿ ಬರೆಯಲಾರೆನು.

ಇನ್ನು ನನ್ನ ತಪ್ಪನ್ನು ಹೇಳತಕ್ಕದ್ದು. ಊಟದ ಮನೆಯಲ್ಲಿ ನಾನು ಯಾವಾಗಲೂ ಬಿಳಿಯ ಹುಡುಗಿಯರ ಪಕ್ಕದಲ್ಲಿ ಕುರ್ಚಿ ಹುಡುಕುತ್ತಿದ್ದೆನು. ಆ ಆಫ್ರಿಕದ ಸಹೋದರಿಯ ಪಕ್ಕದ ಕುರ್ಚಿ ಬರಿದಾಗಿದ್ದರೂ ಕಾಣದವಳಂತೆ ಮುಂದಕ್ಕೆ ಹೋಗುತ್ತಿದ್ದೆನು. ಎಲ್ಲರ ಪಿಂಗಾಣಿ ಬಟ್ಟಲುಗಳೊಂದಿಗೆ ಅವಳು ನನ್ನ ಸ್ಟೀಲ್ ಲೋಟವನ್ನೂ ತೊಳೆದಿಟ್ಟರೆ, ಅವಳು ಹೋದ ಮೇಲೆ ಅದನ್ನು ತೆಗೆದುಕೊಂಡು ಮತ್ತೊಮ್ಮೆ ತೊಳೆಯುತ್ತಿದ್ದೆನು. ಯಾಕೆ ತೊಳೆಯುತ್ತೇನೆಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹೇಳಿದ ಬಾಯಿಗೆ, ಮಧ್ಯಾಹ್ನ ಅದೇ ಲೋಟವನ್ನು ಎತ್ತಿ ನೀರು ಕುಡಿಯುತ್ತಿದ್ದೆನು.

ಅಕ್ಟೋಬರ್ ಕಡೆಯ ಒಂದು ಮಧ್ಯಾಹ್ನ ಅವಳು ಮರೆತುಹೋದ ಕನ್ನಡಕವನ್ನು ತೆಗೆದುಕೊಳ್ಳಲು ಹಿಂದಿರುಗಿ ಬಂದಳು. ನನ್ನ ಕೈಯಲ್ಲಿ ಲೋಟ, ಲೋಟದಲ್ಲಿ ಸಾಬೂನಿನ ನೊರೆ. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಮೆಲ್ಲನೆ ಹೇಳಿದಳು: “ನನ್ನ ತಾಯಿ ಮಸಾಕದಲ್ಲಿ ನಿಮ್ಮ ದೇಶದ ಒಬ್ಬ ವರ್ತಕರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಚಹಾ ಕೊಡುವ ಬಟ್ಟಲನ್ನು ಹಿತ್ತಲ ಮೆಟ್ಟಿಲಿನ ಮೇಲೆ ಬೇರೆಯಾಗಿ ಇಟ್ಟಿದ್ದರು. ನೀನು ವರ್ತಕಳಲ್ಲ, ಸತ್ಯವೇದ ಓದಲಿಕ್ಕೆ ಬಂದವಳೆಂದು ತಿಳಿದಿದ್ದೆನು.” ಇಷ್ಟು ಹೇಳಿ ಕನ್ನಡಕವನ್ನು ತೆಗೆದುಕೊಂಡು ಹೊರಟುಹೋದಳು.

ಪ್ರಿಯ ವಾಚಕರೇ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವಳು ಅರಿಯದೆ ಇದ್ದ ಒಂದು ಸಂಗತಿಯನ್ನು ನಾನು ಅರಿತಿದ್ದೆನು. ನನ್ನ ಅಜ್ಜಿಯು ಯಲಹಂಕದ ಆಚೆಯ ಒಂದು ಹಳ್ಳಿಯವಳು, ಊರ ಹೊರಗಿನ ಕೇರಿಯವಳು. ಊರ ಬಾವಿಯನ್ನು ಅವಳು ಮುಟ್ಟುವಂತಿರಲಿಲ್ಲ. ಬಾವಿಗೆ ದೂರವಾಗಿ ನಿಂತು, ಯಾರಾದರೂ ದಯೆಮಾಡಿ ಮೇಲಿನಿಂದ ಹೊಯ್ದರೆ ಬೊಗಸೆಯೊಡ್ಡಿ ಕುಡಿಯಬೇಕಾಗಿತ್ತು. ಚಹಾದಂಗಡಿಯಲ್ಲಿ ನಮ್ಮವರಿಗೆಂದು ಒಂದು ಲೋಟವನ್ನು ಸೂರಿನಲ್ಲಿ ಸಿಕ್ಕಿಸಿ ಇಡುತ್ತಿದ್ದರು. ಕುಡಿದವರೇ ಅದನ್ನು ತೊಳೆದು ಮರಳಿ ಸಿಕ್ಕಿಸಬೇಕು. ಅಜ್ಜಿಯು ಮಿಶನ್ನಿನ ಶಾಲೆಗೆ ಸೇರಿ ಅಕ್ಷರ ಕಲಿತು, ಮಿಸ್ಸಮ್ಮನವರ ಕೈಯಿಂದ ಮೊದಲನೆಯ ಸಾರಿ ಒಂದೇ ಕೊಡದ ನೀರು ಕುಡಿದ ದಿವಸವನ್ನು ಮುದುಕಿಯಾದ ಮೇಲೂ ಕಣ್ಣೀರಿನಿಂದ ಹೇಳುತ್ತಿದ್ದಳು. ಅವಳ ಮೊಮ್ಮಗಳಾದ ನಾನು ಸಮುದ್ರ ದಾಟಿ ಬಂದು, ಅವಳ ಸತ್ಯವೇದವನ್ನು ತಲೆದಿಂಬಿನ ಬಳಿ ಇಟ್ಟುಕೊಂಡು, ಅದೇ ಸೂರಿನ ಲೋಟವನ್ನು ಇನ್ನೊಬ್ಬಳಿಗಾಗಿ ಸಿಕ್ಕಿಸುತ್ತಿದ್ದೆನಲ್ಲಾ!

ಕ್ಷಮೆ ಕೇಳುವದು ಸುಲಭವೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ನನಗೆ ಮೂರು ದಿವಸ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ನಾನು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತು, ನನ್ನ ಲೋಟದಲ್ಲಿ ಚಹಾ ಬೊಗ್ಗಿಸಿ ಅವಳ ಮುಂದೆ ಇಟ್ಟೆನು. ಅವಳು ಮುಟ್ಟಲಿಲ್ಲ. ಆಗ ಅಜ್ಜಿಯ ಸಂಗತಿಯನ್ನೆಲ್ಲಾ ಹೇಳಿದೆನು. ನಮ್ಮ ಜೊತೆಯ ಯಾರಿಗೂ, ನಮ್ಮ ದೇಶದವರಿಗೂ ಕೂಡ, ಹೇಳದೆ ಮುಚ್ಚಿಟ್ಟಿದ್ದ ಸಂಗತಿಯು ಅದು. ಅವಳು ಕೊನೆಯ ವರೆಗೂ ಕೇಳಿ, ಆರಿಹೋದ ಚಹಾವನ್ನು ಕುಡಿದು, “ಹಾಗಾದರೆ ನಿನ್ನ ಅಜ್ಜಿಯೂ ನನ್ನ ತಾಯಿಯೂ ಒಂದೇ ಬಟ್ಟಲಿನವರು” ಎಂದಳು. ನಮ್ಮ ಸ್ನೇಹವು ಆರಂಭವಾದದ್ದು ಆ ದಿವಸ.

ಆ ವರುಷ ಇಂಗ್ಲೆಂಡಿನಲ್ಲಿ ಭಾರಿ ಚಳಿಗಾಲ. 1979ರ ಹೊಸ ವರುಷವು ಹಿಮದಲ್ಲಿಯೇ ಹುಟ್ಟಿತು. ಜನವರಿಯಲ್ಲಿ ಲಾರಿಯವರು, ಅವರ ಹಿಂದೆ ಕಸ ತೆಗೆಯುವವರು, ಆಸ್ಪತ್ರೆಯ ಕೆಲಸಗಾರರು, ಹೀಗೆ ಒಬ್ಬೊಬ್ಬರಾಗಿ ಮುಷ್ಕರ ಹೂಡಿದರು. ಹೊರಗೆ ಅಷ್ಟು ಗೊಂದಲವಿದ್ದರೂ ನಮ್ಮ ಚಿಂತೆಯು ಬೇರೆ ಕಡೆಗಿತ್ತು. ಉಗಾಂಡವನ್ನು 1971ರಿಂದ ಇದಿ ಅಮೀನನು ಆಳುತ್ತಿದ್ದನು. ಅಲ್ಲಿಯ ಆರ್ಚ್‌ಬಿಷಪ್ಪರಾದ ಜನಾನಿ ಲುವುಮ್ ಅವರು 1977ರ ಫೆಬ್ರುವರಿಯಲ್ಲಿ ಕೊಲ್ಲಲ್ಪಟ್ಟಿದ್ದರು. 1978ರ ಅಕ್ಟೋಬರಿನಲ್ಲಿ ಅಮೀನನ ಸೈನ್ಯವು ತಾಂಜಾನಿಯ ದೇಶದೊಳಕ್ಕೆ ನುಗ್ಗಿತು. ತಾಂಜಾನಿಯದ ಸೈನ್ಯವು ತಿರುಗಿಬಿದ್ದು ಉಗಾಂಡದೊಳಕ್ಕೆ ಬರತೊಡಗಿತು. ಅದು ಬರುವ ದಾರಿಯಲ್ಲಿಯೇ ಮಸಾಕ. ನನ್ನ ಗೆಳತಿಗೆ ಮನೆಯಿಂದ ಕಾಗದ ಬರುವದು ನಿಂತುಹೋಯಿತು.

ಅವಳ ಮನಸ್ಸಿಗೆ ಸ್ವಲ್ಪ ಬದಲಾವಣೆಯಾಗಲೆಂದು ಒಂದು ಶನಿವಾರ, ಎರಡು ಬಸ್ಸು ಹತ್ತಿ, ಸ್ಪಾರ್ಕ್‌ಹಿಲ್ ಎಂಬಲ್ಲಿ ಬೇಳೆ ಮೆಣಸಿನಕಾಯಿ ಮಾರುವ ನಮ್ಮ ದೇಶದವರ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆನು. ಬಾಗಿಲಿನಲ್ಲಿ ಅವಳ ಕಾಲು ನಿಂತಿತು. ಯಾಕೆಂದು ನನಗೆ ತಿಳಿಯಿತು; ಆದರೂ ಕೈಹಿಡಿದು ಒಳಕ್ಕೆ ಕರೆದೆನು. ಅಂಗಡಿಯ ಮುದುಕರು ಗುಜರಾತಿನ ಮನೆತನದವರು. ಅವರು ನನ್ನನ್ನು ನೋಡಲೇ ಇಲ್ಲ. ಅವಳ ಮುಖವನ್ನು ಕ್ಷಣಕಾಲ ನೋಡಿ, “ಒಲಿ ಓತ್ಯ, ನ್ಯಾಬೊ?” ಎಂದು ಕೇಳಿದರು. ಅವಳ ಭಾಷೆಯಾದ ಲುಗಾಂಡದಲ್ಲಿ, ‘ಹೇಗಿದ್ದೀರಿ ಅಮ್ಮಾ’ ಎಂಬುದು ಆ ಮಾತಿನ ಅರ್ಥವು.

ಎಷ್ಟೋ ತಿಂಗಳಾದ ಮೇಲೆ ಕಿವಿಗೆ ಬಿದ್ದ ತಾಯಿನುಡಿ! ಅವಳು ಉತ್ತರ ಹೇಳಲು ಹೋಗಿ ಅಳತೊಡಗಿದಳು. 1972ರಲ್ಲಿ ಅಮೀನನು ಏಶಿಯದವರೆಲ್ಲರೂ ತೊಂಬತ್ತು ದಿವಸಗಳೊಳಗೆ ದೇಶ ಬಿಡಬೇಕೆಂದು ಅಪ್ಪಣೆಮಾಡಿದಾಗ ಹೊರಟುಬಂದ ಹತ್ತಾರು ಸಾವಿರ ಜನರಲ್ಲಿ ಆ ಮುದುಕರೂ ಒಬ್ಬರು. ಹುಟ್ಟಿದ್ದು ಬೆಳೆದದ್ದು ಎಲ್ಲಾ ಮಸಾಕದಲ್ಲಿ. ಅಂಗಡಿ ಮನೆಗಳನ್ನು ಬಿಟ್ಟು, ಸುಮಾರು ಐವತ್ತು ಪೌಂಡು ಹಣದೊಂದಿಗೆ ಬಂದಿಳಿದಿದ್ದರು. ಇಬ್ಬರೂ ಒಂದು ಘಂಟೆಯ ಕಾಲ ತಮ್ಮ ಊರಿನ ಬೀದಿಗಳನ್ನೂ ಮರಗಳನ್ನೂ ಮಳೆಯನ್ನೂ ಕುರಿತು ಮಾತಾಡಿದರು. ನಾನು ಬೇಳೆಯ ಚೀಲಗಳ ನಡುವೆ ನಿಂತು ಒಂದು ಅಕ್ಷರವೂ ಅರ್ಥವಾಗದೆ ಸಂತೋಷಪಟ್ಟೆನು. ಹೊರಡುವಾಗ ಅವರು ಒಂದು ಚಿಪ್ಪು ಹಸಿರು ಬಾಳೆಕಾಯಿ ಕೊಟ್ಟು, ಹಣವನ್ನು ತೆಗೆದುಕೊಳ್ಳಲಿಲ್ಲ. ಆ ಸಾಯಂಕಾಲ ಅವಳು ಅದನ್ನು ಹಬೆಯಲ್ಲಿ ಬೇಯಿಸಿ ಮಿದ್ದು, ಕಡಲೆಕಾಯಿಯ ಸಾರಿನೊಡನೆ ಎಲ್ಲರಿಗೂ ಬಡಿಸಿದಳು. ಅವರ ನಾಡಿನಲ್ಲಿ ಅದನ್ನು ಬಾಳೆಯ ಎಲೆಯಲ್ಲಿ ಸುತ್ತಿ ಬೇಯಿಸುವರಂತೆ. ನಮ್ಮಲ್ಲಿಯೂ ಎಲೆಯಲ್ಲಿ ಕಡುಬು ಬೇಯಿಸುವರೆಂದು ನಾನು ಹೇಳಲಾಗಿ, ಬಾಳೆಯ ಎಲೆಯಿಲ್ಲದ ಈ ದೇಶವು ಎಂಥ ಬಡ ದೇಶವೆಂದು ಇಬ್ಬರೂ ನಕ್ಕೆವು.

ಫೆಬ್ರುವರಿಯ ಕಡೆಯಲ್ಲಿ ಮಸಾಕವು ಬಿದ್ದಿತು. ಊರಿನ ಬಹುಭಾಗವು ನೆಲಸಮವಾಯಿತೆಂದು ರೇಡಿಯೋದಲ್ಲಿ ವರ್ತಮಾನ ಬಂತು. ಅವಳ ತಾಯಿ ಎಲ್ಲಿ, ತಮ್ಮನೆಲ್ಲಿ, ಒಂದೂ ತಿಳಿಯದು. ಅವಳು ಪಾಠಕ್ಕೆ ಬರುತ್ತಿದ್ದಳು, ತನ್ನ ಸರದಿಯ ಪಾತ್ರೆಗಳನ್ನು ತೊಳೆಯುತ್ತಿದ್ದಳು. ಮಾತು ಮಾತ್ರ ನಿಂತಿತ್ತು. ಒಂದು ಸಾಯಂಕಾಲ ಆ ಅಂಗಡಿಯ ಮುದುಕರು ಹಿಮದಲ್ಲಿ ಬಸ್ಸು ಹತ್ತಿ ನಮ್ಮ ವಸತಿಗೃಹಕ್ಕೆ ಬಂದರು. ತಮ್ಮದಾಗಿದ್ದ ಅಂಗಡಿ ಏನಾಯಿತೆಂದು ಅವರು ಕೇಳಲಿಲ್ಲ. ಟೊಪ್ಪಿಗೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕುಳಿತು, “ತಾಯಿಯ ವರ್ತಮಾನ ಬಂತೇ?” ಎಂದು ಕೇಳಿದರು. ಅಂಥ ಮೂರು ಸಾರಿ ಬಂದರು. ಅವರು ಹಿಂದೂಗಳು. ನೆರೆಯವರು ಯಾರೆಂಬ ಪ್ರಶ್ನೆಗೆ ಸುವಾರ್ತೆಯಲ್ಲಿರುವ ಉತ್ತರವನ್ನು ನಾನು ಅವರಲ್ಲಿ ಕಂಡೆನು.

ಆ ದಿವಸಗಳಲ್ಲಿ ಒಂದು ರಾತ್ರಿ ಅವಳು ನನ್ನ ಬಾಗಿಲು ತಟ್ಟಿ, “ನನಗಾಗಿ ಪ್ರಾರ್ಥನೆ ಮಾಡು” ಎಂದಳು. ನಾನು ಇಂಗ್ಲಿಷಿನಲ್ಲಿ ಆರಂಭಿಸಿದೆನು. ಅವಳು ನನ್ನನ್ನು ತಡೆದು, “ನಿನ್ನ ಅಜ್ಜಿ ಮಾತಾಡಿದ ಭಾಷೆಯಲ್ಲಿ ಮಾಡು, ದೇವರಿಗೆ ತಿಳಿಯುತ್ತದೆ” ಎಂದು ಹೇಳಿದಳು. ಆ ದೇಶಕ್ಕೆ ಹೋದ ಮೇಲೆ ನಾನು ಇನ್ನೊಬ್ಬರ ಎದುರಿನಲ್ಲಿ ಕನ್ನಡದಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ಬಾರದೆ ಇದ್ದ ಮಾತುಗಳು ತಾವಾಗಿ ಬಂದವು. ಅವಳು ತನ್ನ ಭಾಷೆಯಲ್ಲಿ ಮುಗಿಸಿದಳು. “ಆಮೆನ್” ಎಂಬ ಒಂದು ಮಾತು ಮಾತ್ರ ಇಬ್ಬರಿಗೂ ಅರ್ಥವಾಯಿತು.

ಏಪ್ರಿಲ್ 11ರಂದು ಕಂಪಾಲ ಪಟ್ಟಣವು ಬಿದ್ದು ಅಮೀನನ ಆಳಿಕೆ ಮುಗಿಯಿತು. ಮೇ ತಿಂಗಳಲ್ಲಿ ಕಾಗದ ಬಂತು. ತಾಯಿಯು ಹಳ್ಳಿಯಲ್ಲಿದ್ದ ನೆಂಟರ ಮನೆಗೆ ಓಡಿಹೋಗಿ ಬದುಕಿಕೊಂಡಿದ್ದಳು. ತಮ್ಮನ ಸುದ್ದಿ ಇರಲಿಲ್ಲ, ಮುಂದೆಯೂ ಬರಲಿಲ್ಲ. ದೇಶವು ಶಾಂತವಾಗುವ ತನಕ ಇಲ್ಲಿಯೇ ಇರು ಎಂದು ಅನೇಕರು ಅವಳಿಗೆ ಬುದ್ಧಿ ಹೇಳಿದರು. ಅವಳು, “ಶಾಲೆಯ ಗೋಡೆ ಬಿದ್ದಿರಬಹುದು, ಮಕ್ಕಳು ಇದ್ದಾರಲ್ಲ” ಎಂದು ಹೇಳಿ, ಜೂನ್ ತಿಂಗಳಲ್ಲಿ ಹೊರಟುಹೋದಳು. ಹೊರಡುವಾಗ ನಾನು ಆ ಲೋಟವನ್ನು ಅವಳ ಕೈಗೆ ಕೊಟ್ಟೆನು. ಅವಳು ನನಗೆ ತಮ್ಮ ನಾಡಿನ ತೊಗಟೆಬಟ್ಟೆಯ ಒಂದು ತುಂಡನ್ನು ಕೊಟ್ಟಳು. ಆಲದ ಜಾತಿಯ ಒಂದು ಮರದ ತೊಗಟೆಯನ್ನು ಬಡಿದು ಬಡಿದು ಅದನ್ನು ಮಾಡುವರು. ಅದು ಅಜ್ಜಿಯ ಸತ್ಯವೇದದಲ್ಲಿ, ರೂತಳ ಪುಸ್ತಕದ ಎಡೆಯಲ್ಲಿ, ಈಗಲೂ ಇದೆ.

ನಾವು ಮತ್ತೆ ಭೇಟಿಯಾಗಲಿಲ್ಲ. ವರುಷಕ್ಕೆ ಎರಡು ಕಾಗದಗಳು ತಪ್ಪದೆ ನಡೆದವು. ಅವಳು ಒಂದು ಹೆಣ್ಣುಮಕ್ಕಳ ಶಾಲೆಯ ವಸತಿಗೃಹವನ್ನು ಬಹುಕಾಲ ನೋಡಿಕೊಂಡಳು. ಕೆಲವು ವರುಷಗಳ ಹಿಂದೆ ಅವಳ ಮಗಳು, ತಾಯಿಯು ಕರ್ತನಲ್ಲಿ ನಿದ್ರೆಹೋದಳೆಂದು ಬರೆದಳು. ಅದೇ ಕಾಗದದಲ್ಲಿ, ‘ಯಾರಿಗೂ ಓದಲಿಕ್ಕೆ ಬಾರದ ಅಕ್ಷರಗಳ ಲೋಟವೊಂದು’ ತಮ್ಮ ಅಡಿಗೆಮನೆಯಲ್ಲಿದೆ, ಅದರಿಂದ ಅಕ್ಕಿ ಅಳೆಯುತ್ತೇವೆ ಎಂದೂ ಬರೆದಿದ್ದಳು. ನಾವು ಓದಿದ ಆ ವಿದ್ಯಾಶಾಲೆಗಳ ಒಕ್ಕೂಟವೂ ಈಗ ಇಲ್ಲ. ಒಂದೊಂದಾಗಿ ಮುಚ್ಚಿಹೋದವು, ಎಲ್ಲಕ್ಕೂ ಹಿರಿದಾದ ವುಡ್‌ಬ್ರೂಕ್ ಮನೆಯೂ 2023ರಲ್ಲಿ ಬಾಗಿಲು ಹಾಕಿತು.

ಇದನ್ನೆಲ್ಲಾ ಈಗ ಬರೆಯುವದಕ್ಕೆ ಒಂದು ಕಾರಣವುಂಟು. ಆಗ ನಾವು ದೂರದೇಶಕ್ಕೆ ಹೋಗುತ್ತಿದ್ದೆವು. ಈಗ ದೂರದೇಶದವರು ನಮ್ಮ ಬಾಗಿಲಿಗೆ ಬಂದಿದ್ದಾರೆ. 1910ರಲ್ಲಿ ಸ್ಥಾಪಿತವಾದ ಬೆನ್ಸನ್ ಟೌನಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿಯೂ ಕೊತ್ತನೂರಿನ ಕಡೆಯ ದೈವಜ್ಞಾನದ ಶಾಲೆಗಳಲ್ಲಿಯೂ ನಾಗಾಲ್ಯಾಂಡ್ ಮಿಜೋರಾಮ್‌ಗಳಿಂದ ಬಂದ ಯೌವನಸ್ಥರು ಓದುತ್ತಾರೆ. ಯಲಹಂಕ, ಹೆಬ್ಬಾಳ, ಹೆಸರಘಟ್ಟಗಳ ಸುತ್ತಣ ಕಾಲೇಜುಗಳಿಗೆ ಆಫ್ರಿಕ ಖಂಡದಿಂದಲೂ ಮಕ್ಕಳು ಬಂದಿದ್ದಾರೆ. 2016ರ ಜನವರಿಯ ಕಡೆಯ ದಿವಸ, ಯಾರೋ ಮಾಡಿದ ಅಪಘಾತಕ್ಕಾಗಿ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯ ದೇಶದ ಒಬ್ಬ ವಿದ್ಯಾರ್ಥಿನಿಯ ಮೇಲೆ ಹೆಸರಘಟ್ಟದ ಹತ್ತಿರ ಜನರ ಗುಂಪು ಕೈಮಾಡಿತೆಂಬ ವರ್ತಮಾನವನ್ನು ಓದಿದಾಗ ಪತ್ರಿಕೆಯು ನನ್ನ ಕೈಯಿಂದ ಜಾರಿತು. ಕೈಮಾಡಿದವರನ್ನು ಖಂಡಿಸುವದು ಸುಲಭ. ಲೋಟವನ್ನು ಮತ್ತೊಮ್ಮೆ ತೊಳೆದ ನನ್ನ ಕೈ ಆ ಕೈಗಳಿಗೆ ಎಷ್ಟು ದೂರವಿತ್ತೆಂದು ನಾನು ಆ ದಿವಸ ಕೇಳಿಕೊಂಡೆನು.

ಆದಕಾರಣ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ನನ್ನದೊಂದು ಬಿನ್ನಹ. ನಿಮ್ಮ ಬೀದಿಯಲ್ಲಿ ಬಾಡಿಗೆಗೆ ಮನೆ ಹುಡುಕುವ, ನಿಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕೂರುವ ಪರದೇಶದ ಹುಡುಗಿಯನ್ನು ಕಂಡರೆ, ಅವಳ ಪಕ್ಕದ ಸ್ಥಳವು ಬರಿದಾಗಿದೆಯೋ ನೋಡಿರಿ. ಬರಿದಾಗಿದ್ದರೆ ಹೋಗಿ ಕುಳಿತುಕೊಳ್ಳಿರಿ. ಮನೆಗೆ ಕರೆದು, ನೀವು ಕುಡಿಯುವ ಲೋಟದಲ್ಲಿಯೇ ಕಾಫಿ ಕೊಡಿರಿ. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವ ಹೆಂಗಸಿನ ಲೋಟವು ಎಲ್ಲಿದೆಯೆಂಬುದನ್ನೂ ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೇ ಎದ್ದು ಹೋಗಿ ನೋಡಿರಿ. ನಮ್ಮ ಅಜ್ಜಿಯರಿಗೆ ಈ ಶಾಲೆಯು ಒಂದೇ ಕೊಡದ ನೀರನ್ನು ಕೊಟ್ಟಿತು. ಅದನ್ನು ಮುಂದಕ್ಕೆ ದಾಟಿಸುವ ಕೃಪೆಯನ್ನು ದೇವರು ನಮಗೆ ಅನುಗ್ರಹಿಸಲಿ.